ಫಾರ್ವರ್ಡ್ ಬಟನ್ ಮತ್ತು ನಾಲ್ಕು ವರ್ಷದ ಮಗು

(ಸಾಗರದಲ್ಲಿ ಒಂದು ಭಾನುವಾರ ಸಂಜೆ, ಮಕ್ಕಳಿಗೆ ಯಾವ ವಯಸ್ಸಿಗೆ ಎಂಥ ಸಿನಿಮಾ ತೋರಿಸಬೇಕು ಅನ್ನುವ ಬಗ್ಗೆ ಪುಟ್ಟ ಮಕ್ಕಳ ಮನೆಯವರ ಮುಂದೆ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಲ್ಲಿ ಸರಿಮಾಡಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಜಮಖಾನದ ಮೇಲೆ ಬೇಕಾದಷ್ಟು ಜಾಗ ಇದೆ. ಮಕ್ಕಳು ಓಡಾಡುತ್ತಾರೆ, ಗಲಾಟೆ ಮಾಡುತ್ತಾರೆ ಅಂತ ಸಂಕೋಚ ಪಡಬೇಡಿ. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು ನಾನು. ಗಲಾಟೆ ಇಲ್ಲದಿದ್ದರೇ ನನಗೆ ಮಾತು ಹೊರಡುವುದಿಲ್ಲ.

ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಿವೃತ್ತಿಯಾದ ಮೇಲೆ ನಾವು ಕೆಲವರು ಸೇರಿ ತಿಂಗಳಿಗೊಂದು ಭಾನುವಾರ ಮಕ್ಕಳಿಗೆ ಸಿನಿಮಾ ತೋರಿಸಲು ಶುರು ಮಾಡಿದೆವು. ಒಂದು ಪ್ರೊಜೆಕ್ಟರು, ಗೋಡೆಗೆ ಕಟ್ಟಿದ ಬಿಳಿ ಪಂಚೆ, ಎರಡು ಸ್ಪೀಕರು. ಮೊದಲ ವರ್ಷವೇ 'ಫೈಂಡಿಂಗ್ ನೀಮೋ' ಹಾಕಿದೆ. 2003ರ ಕಾರ್ಟೂನ್ ಸಿನಿಮಾ. ಬಣ್ಣಬಣ್ಣದ ಮೀನು, ತಮಾಷೆ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು 'ಜಿ' ದರ್ಜೆ, ಅಂದರೆ ಯಾವ ವಯಸ್ಸಿನವರಾದರೂ ನೋಡಬಹುದು. ಇನ್ನೇನು ಬೇಕು ಅಂದುಕೊಂಡೆ. ನಾನು ಅದನ್ನು ಪೂರ್ತಿ ನೋಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶುರುವಿನಲ್ಲೇ ಏನಾಗುತ್ತದೆ ಗೊತ್ತಾ? ಒಂದು ಅಪ್ಪ ಮೀನು, ಒಂದು ಅಮ್ಮ ಮೀನು, ನೂರಾರು ಮೊಟ್ಟೆ. ದೊಡ್ಡ ಮೀನೊಂದು ನುಗ್ಗುತ್ತದೆ. ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬಂದಾಗ ಅಮ್ಮ ಇಲ್ಲ, ಉಳಿದಿರುವುದು ಒಂದೇ ಮೊಟ್ಟೆ. ರಕ್ತ ಇಲ್ಲ, ಕೊಲೆ ತೋರಿಸುವುದಿಲ್ಲ. ಆಮೇಲೆ ಒಂದೂವರೆ ಗಂಟೆ ಸಾಹಸ, ನಗು. ದೊಡ್ಡ ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಅಜ್ಜಿ ಜೊತೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ಅಜ್ಜಿಯ ಸೆರಗು ಎಳೆದು, "ಅದರ ಅಮ್ಮ ಎಲ್ಲಿ ಹೋಯ್ತು?" ಅಂತ ಕೇಳುತ್ತಿದ್ದಳು. ಅಜ್ಜಿ ಪಾಪ, "ಪೇಟೆಗೆ ಹೋಗಿದೆ ಪುಟ್ಟಿ, ಬರುತ್ತೆ" ಅಂದರು. ಸಿನಿಮಾ ಮುಗಿಯಿತು, ದೀಪ ಹಾಕಿದೆವು, ಎಲ್ಲರೂ ಎದ್ದರು. ಇವಳು ಏಳಲಿಲ್ಲ. "ಇನ್ನೂ ಬಂದಿಲ್ಲ" ಅಂದಳು.

ಇಡೀ ಹಾಲಿನಲ್ಲಿ ಎಲ್ಲರೂ ಒಂದು ಸಿನಿಮಾ ನೋಡಿದ್ದರು, ಆ ಮಗು ಬೇರೆಯದೇ ಸಿನಿಮಾ ನೋಡಿತ್ತು. ಪೇಟೆಗೆ ಹೋದ ಅಮ್ಮ ವಾಪಸು ಬರದ ಸಿನಿಮಾ. ಆ ವಾರವೆಲ್ಲ ಅವಳ ಅಮ್ಮ ತರಕಾರಿಗೆ ಅಂತ ಚಪ್ಪಲಿ ಹಾಕಿಕೊಂಡರೂ ಅಳುತ್ತಿದ್ದಳಂತೆ. ಅಂದಿನಿಂದ ನಾನು ಪೂರ್ತಿ ನೋಡದೆ ಒಂದು ಸಿನಿಮಾನೂ ಹಾಕಿಲ್ಲ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ನೆಂಟರ ಮನೆಯಲ್ಲಿ ಕಂಡ ದೃಶ್ಯ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹೀಗೇನಾ ಅಂತ ಮನಸ್ಸಿನಲ್ಲೇ ನೋಡಿಕೊಳ್ಳಿ, ಕೈ ಎತ್ತುವುದು ಬೇಡ. ರಾತ್ರಿ ಊಟ ಆಗಿದೆ. ಟೀವಿಯಲ್ಲಿ ದೊಡ್ಡ ಹೀರೋ ಸಿನಿಮಾ. ಮಳೆಯಲ್ಲಿ ಹೀರೋ ಹೀರೋಯಿನ್ ಹತ್ತಿರ ಬರುತ್ತಾರೆ. ತಕ್ಷಣ ಅಪ್ಪನಿಗೆ ಕೆಮ್ಮು. ಅಮ್ಮ "ರಿಮೋಟ್ ಎಲ್ರೀ?" ಅನ್ನುತ್ತಾಳೆ. ಅಜ್ಜ ಎದ್ದು ನೀರು ಕುಡಿಯಲು ಹೋಗುತ್ತಾರೆ. ಫಾರ್ವರ್ಡ್. ಎಲ್ಲರಿಗೂ ಸಮಾಧಾನ. ಹತ್ತು ನಿಮಿಷ ಆದ ಮೇಲೆ ಫೈಟ್. ಮಚ್ಚು ಬೀಸುತ್ತಾರೆ, ಒಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಾರೆ, ಅವನ ಹೆಂಡತಿ ಮಕ್ಕಳು ಪಕ್ಕದಲ್ಲಿ ಕಿರುಚುತ್ತಾರೆ. ರಿಮೋಟ್ ಸೋಫಾ ಮೇಲೇ ಬಿದ್ದಿದೆ. ಯಾರೂ ಮುಟ್ಟುವುದಿಲ್ಲ. ಕೋಡುಬಳೆ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿದೆ.

ಆ ಮನೆಯ ಐದು ವರ್ಷದ ಹುಡುಗನನ್ನೇ ನಾನು ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಳ್ಳಲಿಲ್ಲ, ಕಿವಿ ಮುಚ್ಚಿಕೊಂಡ. ಎರಡೂ ಅಂಗೈ ಕಿವಿಗೆ ಒತ್ತಿ ಹಿಡಿದು, ಕಣ್ಣು ಮಾತ್ರ ಬಿಟ್ಟುಕೊಂಡು ಕೂತಿದ್ದ. ಮಳೆ ಹಾಡಿನ ಹೊತ್ತಿಗೆ ಅವನು ಕಾರಿನ ಚಕ್ರ ತಿರುಗಿಸುತ್ತಾ ಆಡುತ್ತಿದ್ದ, ಅತ್ತ ನೋಡಿಯೂ ಇರಲಿಲ್ಲ.

ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ನಾವು ಮಕ್ಕಳ ಸಿನಿಮಾ ಆರಿಸುವುದು ನಮ್ಮ ಮುಜುಗರ ನೋಡಿಕೊಂಡು. ಮಗುವಿನ ಹೆದರಿಕೆ ಏನು ಅಂತ ನಾವು ವಿಚಾರಿಸುವುದೇ ಇಲ್ಲ. ಮುತ್ತು ಕೊಡುವ ದೃಶ್ಯ ಮಕ್ಕಳಿಗೆ ತೋರಿಸಿ ಅಂತ ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ಆ ಬಟನ್ನು ಇನ್ನೂ ನಾಲ್ಕು ಜಾಗದಲ್ಲಿ ಒತ್ತಬೇಕಿತ್ತು ಅನ್ನುತ್ತಿದ್ದೇನೆ.

ಯಾವ ಜಾಗ ಅಂತ ತಿಳಿಯಬೇಕಾದರೆ ಸಣ್ಣ ಮಗು ಪರದೆಯನ್ನು ಹೇಗೆ ನೋಡುತ್ತದೆ ಅಂತ ಗೊತ್ತಿರಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫ್ಲಾವೆಲ್ ಮತ್ತು ಜೊತೆಯವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೀವಿಯಲ್ಲಿ ಒಂದು ಬಟ್ಟಲು ಪಾಪ್‌ಕಾರ್ನ್ ತೋರಿಸಿ, ಈ ಟೀವಿಯನ್ನು ತಲೆಕೆಳಗು ಮಾಡಿದರೆ ಪಾಪ್‌ಕಾರ್ನ್ ಚೆಲ್ಲುತ್ತಾ ಅಂತ ಮಕ್ಕಳನ್ನು ಕೇಳಿದರು. ಮೂರು ವರ್ಷದ ಮಕ್ಕಳು ಚೆಲ್ಲುತ್ತದೆ ಅಂದರು. ನಾಲ್ಕು ವರ್ಷದವರಲ್ಲಿ ಹೆಚ್ಚಿನವರಿಗೆ ಚೆಲ್ಲುವುದಿಲ್ಲ ಅಂತ ಗೊತ್ತಿತ್ತು. ಒಂದೇ ವರ್ಷದ ಅಂತರ ನೋಡಿ! ಪಾಪ್‌ಕಾರ್ನ್ ಚೆಲ್ಲುತ್ತದೆ ಅನ್ನುವ ಮಗುವಿಗೆ ಹುಲಿ ಆಚೆ ಬರುವುದಿಲ್ಲ ಅಂತ ಹೇಗೆ ಗೊತ್ತಾಗಬೇಕು?

ಇನ್ನೊಬ್ಬರು ಜೋಆನ್ ಕ್ಯಾಂಟರ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು, ಮಕ್ಕಳು ಮತ್ತು ಹೆದರಿಕೆ ಬಗ್ಗೆಯೇ ಬಹಳ ವರ್ಷ ಕೆಲಸ ಮಾಡಿದರು. 1980ರ ಆಸುಪಾಸಿನಲ್ಲಿ ಅಮೆರಿಕದ ಟೀವಿಯಲ್ಲಿ 'ಇನ್‌ಕ್ರೆಡಿಬಲ್ ಹಲ್ಕ್' ಬರುತ್ತಿತ್ತು. ಸಾಧು ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗುತ್ತಾನೆ, ಕಷ್ಟದಲ್ಲಿರುವವರನ್ನು ಕಾಪಾಡುತ್ತಾನೆ. ಒಳ್ಳೆಯವನು. ಆದರೂ ಶಾಲೆಗೆ ಸೇರದ ಪುಟ್ಟ ಮಕ್ಕಳು ಹೆದರುತ್ತಿದ್ದದ್ದು ಅವನಿಗೇ. ಮುಖ ಬದಲಾಗುತ್ತದಲ್ಲ, ಅದಕ್ಕೆ. ಚಿಕ್ಕವರಿಗೆ ಕಣ್ಣಿಗೆ ಕಂಡದ್ದೇ ಸತ್ಯ. ಮುಖ ಭಯಂಕರವಾಗಿದ್ದರೆ ಮನಸ್ಸು ಎಷ್ಟು ಒಳ್ಳೆಯದಾದರೇನು? ಎಂಟು, ಒಂಬತ್ತು ವರ್ಷ ದಾಟಿದ ಮೇಲೆ ಇದು ತಿರುವುಮುರುವಾಗುತ್ತದೆ. ವಿಕಾರ ಮುಖಕ್ಕೆ ಆ ವಯಸ್ಸಿನವರು ನಗುತ್ತಾರೆ. ಕಳ್ಳ ಮನೆಗೆ ನುಗ್ಗಿದ್ದು, ಬೆಂಕಿ ಬಿದ್ದದ್ದು, ಮಗು ಕಳೆದುಹೋದದ್ದು, ಇಂಥ ನಿಜವಾಗಿ ನಡೆಯಬಹುದಾದ್ದು ಅವರನ್ನು ಕಾಡುತ್ತದೆ.

ಕ್ಯಾಂಟರ್ ಹೇಳಿದ ಇನ್ನೊಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಹೆದರಿದ ಪುಟ್ಟ ಮಗುವಿಗೆ "ಅದು ನಿಜ ಅಲ್ಲ, ಬರೀ ಸಿನಿಮಾ" ಅಂತ ವಿವರಿಸಿದರೆ ಅಷ್ಟೇನೂ ಪ್ರಯೋಜನ ಇಲ್ಲ. ಅಪ್ಪಿಕೊಳ್ಳಲು ಏನಾದರೂ ಸಿಕ್ಕರೆ, ಕೈಗೆ ತಿಂಡಿ ಕೊಟ್ಟರೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಸಮಾಧಾನ ಆಗುತ್ತದೆ. ವಿವರಣೆ ಕೆಲಸ ಮಾಡುವುದು ದೊಡ್ಡ ಮಕ್ಕಳಿಗೆ. ಇದನ್ನು ಓದಿದಾಗ ನನ್ನದೇ ಬಾಲ್ಯ ನೆನಪಾಯಿತು.

ನಮ್ಮೂರಿಗೆ ವರ್ಷಕ್ಕೊಮ್ಮೆ ಯಕ್ಷಗಾನ ಮೇಳ ಬರುತ್ತಿತ್ತು. ಬಣ್ಣದ ವೇಷ, ಅಂದರೆ ರಾಕ್ಷಸ, ರಂಗಕ್ಕೆ ಬರುವ ರೀತಿ ನೋಡಿದ್ದೀರಲ್ಲ? ಮೊದಲು ತೆರೆಯ ಹಿಂದಿನಿಂದ ಆರ್ಭಟ. ಚಂಡೆ ಏರುತ್ತದೆ. ಕಿರೀಟದ ತುದಿ ಮಾತ್ರ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ನಾನು ನಾಲ್ಕೈದು ವರ್ಷದವಳು, ಅಜ್ಜಿಯ ಕಂಬಳಿಯೊಳಗೆ ತಲೆ ತೂರಿಸಿ ಕಿರುಚಿದ್ದೆ. ಹೆದರಿಕೆ ಬಿಡಿಸೋಣ ಅಂತ ಅಜ್ಜ ನನ್ನನ್ನು ಎತ್ತಿಕೊಂಡು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋದರು. ಅಲ್ಲಿ ಅದೇ ರಾಕ್ಷಸ, ಕಿರೀಟ ಪಕ್ಕಕ್ಕಿಟ್ಟು ಚಾ ಕುಡಿಯುತ್ತಾ ಕೂತಿದ್ದ. "ನೋಡು, ನಮ್ಮಂಗೇ ಮನುಷ್ಯ" ಅಂದರು ಅಜ್ಜ. ನನಗೆ ಅನಿಸಿದ್ದೇ ಬೇರೆ. ಅಯ್ಯೋ, ಇದು ನಿಜವಾದ ರಾಕ್ಷಸ, ಚಾ ಕೂಡ ಕುಡಿಯುತ್ತದೆ! ಎರಡು ದಿನ ಮನೆಯಲ್ಲಿ ಚಾ ಲೋಟ ಕಂಡರೂ ಆಗುತ್ತಿರಲಿಲ್ಲ. ನನ್ನ ಅಣ್ಣನಿಗೆ ಆಗ ಒಂಬತ್ತು. ಅವನು ಚೌಕಿ ಬಾಗಿಲಲ್ಲೇ ನಿಂತು ಬಣ್ಣ ಬಳಿಯುವುದನ್ನು ಬೆಳಗಿನವರೆಗೆ ನೋಡಿದ. ಒಂದೇ ರಾಕ್ಷಸ, ಒಂದೇ ಚಾ. ವಯಸ್ಸು ಬೇರೆ, ಅಷ್ಟೇ.

ಕೊನೆಗೆ ನನ್ನನ್ನು ಸಮಾಧಾನ ಮಾಡಿದ್ದು ಅಜ್ಜಿಯ ಕಂಬಳಿ ಮತ್ತು ಒಂದು ಪೊಟ್ಟಣ ಹುರಿಗಡಲೆ. ಅಜ್ಜಿಗೆ ಕ್ಯಾಂಟರ್ ಗೊತ್ತಿರಲಿಲ್ಲ ಬಿಡಿ.

ಇದನ್ನೇ ಹಿಡಿದುಕೊಂಡು ಪುರಾಣದ ಸಿನಿಮಾಗಳನ್ನೂ ನೋಡಿ. ದೇವರ ಸಿನಿಮಾ ಅಂದರೆ ನಾವು ಕಣ್ಣು ಮುಚ್ಚಿ ಮಕ್ಕಳನ್ನು ಕೂರಿಸುತ್ತೇವೆ. 1983ರ 'ಭಕ್ತ ಪ್ರಹ್ಲಾದ' ನಮಗೆಲ್ಲ ಅಚ್ಚುಮೆಚ್ಚು. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ನರಸಿಂಹ ಬಂದಾಗ ಮಕ್ಕಳು ಹೆದರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಕ್ಲಾಸಿನಲ್ಲಿ ಪ್ರಹ್ಲಾದನ ಕಥೆ ಹೇಳಿದಾಗೆಲ್ಲ ಮಕ್ಕಳು ಕೇಳಿದ್ದು ನರಸಿಂಹನ ಬಗ್ಗೆ ಅಲ್ಲವೇ ಅಲ್ಲ. "ಅವರ ಅಪ್ಪ ಯಾಕೆ ಟೀಚರ್ ಹಂಗೆ ಮಾಡಿದ್ದು?" ಅಂತ. ಸ್ವಂತ ಅಪ್ಪನೇ ಮಗುವಿಗೆ ವಿಷ ಕೊಡಿಸುತ್ತಾನೆ, ಬೆಟ್ಟದಿಂದ ತಳ್ಳಿಸುತ್ತಾನೆ. ಆರು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಭಯ ಯಾವುದಿದೆ? ನಾವು ಹೊಟ್ಟೆ ಬಗೆಯುವ ಜಾಗದಲ್ಲಿ ಅದರ ಕಣ್ಣು ಮುಚ್ಚುತ್ತೇವೆ. ಅಷ್ಟು ಹೊತ್ತಿಗೆ ಅದು ಹೆದರಿ ಮುಗಿದಿರುತ್ತದೆ.

ಹಾಗಾದರೆ ಸಾವು, ಅಳು ಇರುವ ಕಥೆಯೇ ಬೇಡವಾ? ಅಷ್ಟು ದೂರ ನಾನು ಹೋಗುವುದಿಲ್ಲ. ಪುಣ್ಯಕೋಟಿಯ ಹಾಡು ಕೇಳದೆ ಬೆಳೆದ ಕನ್ನಡದ ಮಗು ಕಡಿಮೆ. ಹುಲಿಗೆ ಮಾತು ಕೊಟ್ಟ ಹಸು ಕರುವನ್ನು ಬಿಟ್ಟು ಹೊರಡುತ್ತದೆ. ಆ ಜಾಗ ಬಂದಾಗ ಎಷ್ಟು ಮಕ್ಕಳ ತುಟಿ ನಡುಗುವುದನ್ನು ನೋಡಿದ್ದೇನೆ! ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ತಬ್ಬಲಿತನವೂ ಉಂಟು, ಸಾವೂ ಉಂಟು. ಆದರೂ ಅದನ್ನು ಮೂರು ವರ್ಷದ ಮಗುವಿಗೆ ಹಾಡುತ್ತೇವೆ, ಮಗು ಮತ್ತೆ ಹಾಡು ಅನ್ನುತ್ತದೆ.

ಹಾಡುವವರು ಅಮ್ಮನೋ ಅಜ್ಜಿಯೋ, ಮಗು ಮಡಿಲಲ್ಲೇ ಇರುತ್ತದೆ. ತುಟಿ ನಡುಗಿದರೆ ದನಿ ತಾನಾಗಿ ಇಳಿಯುತ್ತದೆ. "ಆಮೇಲೆ ಹಸು ವಾಪಸು ಬರುತ್ತೆ ಕಣೋ" ಅಂತ ಮಧ್ಯದಲ್ಲೇ ಹೇಳಬಹುದು. ನೂರು ಸಲ ಕೇಳಿರುವುದರಿಂದ ಮುಂದೇನು ಅಂತ ಮಗುವಿಗೂ ಗೊತ್ತು. ಸಿನಿಮಾ ಯಾರ ಮುಖವನ್ನೂ ನೋಡುವುದಿಲ್ಲ, ಅದರ ಪಾಡಿಗೆ ಓಡುತ್ತಲೇ ಇರುತ್ತದೆ. ಆದ್ದರಿಂದ ಅಜ್ಜಿ ಮಾಡುತ್ತಿದ್ದ ಕೆಲಸವನ್ನು ಸಿನಿಮಾದ ಪಕ್ಕ ಕೂತು ಯಾರಾದರೂ ಮಾಡಬೇಕು. ಯಾರೂ ಇಲ್ಲ, ಅಡುಗೆ ಆಗಬೇಕು, ಮಗುವನ್ನು ಟೀವಿ ಮುಂದೆ ಬಿಡಲೇಬೇಕು ಅಂತಿದ್ದರೆ, ಅಂಥ ಹೊತ್ತಿಗೆ ಮಗು ಹತ್ತು ಸಲ ನೋಡಿದ್ದನ್ನೇ ಹಾಕಿ. ಹೊಸ ಸಿನಿಮಾ ನೀವು ಪಕ್ಕದಲ್ಲಿ ಇರುವ ದಿನಕ್ಕೆ ಇರಲಿ. ನಮಗೆ ಬೇಜಾರು ಬರುತ್ತದೆ ನಿಜ, ಮಗುವಿಗೆ ಬರುವುದಿಲ್ಲ.

ಸಿನಿಮಾದ ಸೆನ್ಸಾರ್ ಸರ್ಟಿಫಿಕೇಟ್ ನೋಡಿದರೆ ಸಾಲದಾ ಅಂತ ಫೋನಿನಲ್ಲಿ ಒಬ್ಬರು ಕೇಳಿದ್ದರು. ನೋಡಬೇಕು, ಸಾಲದು. ಮೊದಲು ನಮ್ಮಲ್ಲಿ ಎಲ್ಲರಿಗೆ 'ಯು', ದೊಡ್ಡವರಿಗೆ 'ಎ', ಎರಡೇ ಇದ್ದವು. 1983ರಲ್ಲಿ ನಡುವೆ 'ಯು/ಎ' ಬಂತು, 12 ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಮ್ಮನ ಮಾರ್ಗದರ್ಶನ ಬೇಕು ಅಂತ. ಏಳು ವರ್ಷದವನಿಗೂ ಹನ್ನೊಂದರವನಿಗೂ ಅದೇ ಒಂದು ಚೀಟಿ. 2023ರಲ್ಲಿ ಕಾಯ್ದೆ ತಿದ್ದಿ ಅದನ್ನು ಮೂರು ಮಾಡಿದರು: 7+, 13+, 16+. 2024ರ ನಿಯಮಗಳ ನಂತರ ಹೊಸ ಸಿನಿಮಾಗಳಿಗೆ ಇದೇ ಬರುತ್ತಿದೆ. ಅಮೆರಿಕದಲ್ಲಿ ಈ ತರಹದ ನಡುವಿನ ಮೆಟ್ಟಿಲು 1984ರಲ್ಲೇ ಬಂತು. 'ಇಂಡಿಯಾನಾ ಜೋನ್ಸ್' ಸಿನಿಮಾದಲ್ಲಿ ಎದೆಯಿಂದ ಹೃದಯ ಕೀಳುವುದನ್ನು ನೋಡಿ ಅಪ್ಪ ಅಮ್ಮಂದಿರು ಗಲಾಟೆ ಮಾಡಿದ ಮೇಲೆ, ಹೊಸ ದರ್ಜೆ ಬೇಕು ಅಂತ ಸೂಚಿಸಿದವರು ಅದರ ನಿರ್ದೇಶಕ ಸ್ಪೀಲ್‌ಬರ್ಗ್ ಅವರೇ!

ಇದರಲ್ಲಿ ಎರಡು ವಿಷಯ ಗಮನಿಸಿ. 'ಎ' ಸಿನಿಮಾಕ್ಕೆ 18ರ ಒಳಗಿನವರನ್ನು ಬಿಡುವ ಹಾಗಿಲ್ಲ, ನೀವು ಕಂಕುಳಲ್ಲಿ ಎತ್ತಿಕೊಂಡು ಹೋದರೂ ಅಷ್ಟೇ. ಯು/ಎ ಹಾಗಲ್ಲ. 16+ ಅಂತ ಇದ್ದರೂ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಅದು ನಿಮಗೆ ಕೊಟ್ಟ ಸೂಚನೆ ಮಾತ್ರ, ತೀರ್ಮಾನ ನಿಮ್ಮದು. ಒಳಗೆ ಬಿಟ್ಟರು ಅಂದ ಮಾತ್ರಕ್ಕೆ ಮಗು ನೋಡಬಹುದು ಅಂತ ಅರ್ಥ ಅಲ್ಲ. ಇನ್ನೊಂದು, ಈ ಮೆಟ್ಟಿಲುಗಳು ಶುರುವಾಗುವುದೇ ಏಳರಿಂದ. ಎರಡು ವರ್ಷದ ಮಗುವಿಗೂ ಆರು ವರ್ಷದ ಮಗುವಿಗೂ ಉಳಿದದ್ದು 'ಯು' ಅನ್ನುವ ಒಂದೇ ಅಕ್ಷರ. ಇವತ್ತು ಇಲ್ಲಿ ಕೂತಿರುವ ಹೆಚ್ಚಿನವರ ಮಕ್ಕಳು ಆ ಒಂದು ಅಕ್ಷರದೊಳಗೇ ಇದ್ದಾರೆ, ಅಲ್ವಾ?

ಮೊಬೈಲು, ಓಟಿಟಿಯಲ್ಲಿ 2021ರ ನಿಯಮದಂತೆ ಇದೇ ವಯಸ್ಸಿನ ಗುರುತು ಇರುತ್ತದೆ. ಶುರುವಿನಲ್ಲಿ ಪರದೆಯ ಮೂಲೆಯಲ್ಲಿ ಹಿಂಸೆ, ಬೈಗುಳ ಅಂತೆಲ್ಲ ಸಣ್ಣ ಅಕ್ಷರ ಬಂದು ಮಾಯವಾಗುತ್ತದಲ್ಲ, ಅದನ್ನು ಓದಿ. 13+ ಮತ್ತು ಅದರ ಮೇಲಿನದಕ್ಕೆ ಬೀಗ ಹಾಕುವ ಸೌಲಭ್ಯವನ್ನೂ ಅವರು ಕೊಡಲೇಬೇಕು. ಮಕ್ಕಳ ಪ್ರೊಫೈಲ್ ಬೇರೆ ಮಾಡಿ ನಿಮ್ಮದಕ್ಕೆ ಪಿನ್ ಹಾಕಿ. ಪಿನ್ನಿಗೆ ಮಗುವಿನ ಹುಟ್ಟಿದ ತಾರೀಖು ಇಡಬೇಡಿ, ಅದು ಮೊದಲು ಒತ್ತುವುದೇ ಅದನ್ನು.

ಇನ್ನೊಂದು ಹಳ್ಳ ಇದೆ, ಕಾರ್ಟೂನ್ ಅಂದರೆ ಮಕ್ಕಳದ್ದು ಅನ್ನುವುದು. ಜಪಾನಿನಲ್ಲಿ 1988ರ ಏಪ್ರಿಲ್‌ನಲ್ಲಿ ಒಂದೇ ಸ್ಟುಡಿಯೋದ ಎರಡು ಸಿನಿಮಾಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದರು, ಒಂದರ ಹಿಂದೆ ಒಂದು ತೋರಿಸುತ್ತಿದ್ದರು. ಒಂದು 'ಮೈ ನೇಬರ್ ಟೊಟೊರೊ'. ಕಾಡಿನಲ್ಲಿರುವ ಡೊಳ್ಳು ಹೊಟ್ಟೆಯ ಪ್ರಾಣಿ, ಇಬ್ಬರು ಪುಟ್ಟ ಹುಡುಗಿಯರು. ಖಳನಾಯಕನೇ ಇಲ್ಲದ ಸಿನಿಮಾ. ಇನ್ನೊಂದು 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಯುದ್ಧದಲ್ಲಿ ಅಮ್ಮನನ್ನು ಕಳೆದುಕೊಂಡ ಅಣ್ಣ ತಂಗಿ ಹಸಿವಿನಿಂದ ಸಾಯುವ ಕಥೆ. ಎರಡೂ ಕೈಯಲ್ಲಿ ಬರೆದ ಚಿತ್ರಗಳೇ, ಎರಡರಲ್ಲೂ ಪುಟ್ಟ ಹುಡುಗಿ. ಎರಡನೆಯದನ್ನು ನೋಡಿ ನಾನೇ ಆ ರಾತ್ರಿ ಊಟ ಮಾಡಲಿಲ್ಲ. ಪೋಸ್ಟರ್ ನೋಡಿ ಒಂದರ ಬದಲು ಇನ್ನೊಂದು ಹಾಕಿದರೆ ಏನಾಗಬಹುದು ಯೋಚಿಸಿ. ಟೊಟೊರೊದಲ್ಲೂ ಅಮ್ಮ ಮನೆಯಲ್ಲಿಲ್ಲ, ಆಸ್ಪತ್ರೆಯಲ್ಲಿದ್ದಾಳೆ. ಆದರೆ ಮಕ್ಕಳು ಹೋಗಿ ನೋಡಿ ಬರುತ್ತಾರೆ, ಅಮ್ಮ ತಲೆ ಬಾಚುತ್ತಾಳೆ. ನಮ್ಮ ಆ ಪುಟ್ಟಿಗೆ ಬೇಕಾಗಿದ್ದದ್ದು ಅಷ್ಟೇ, ಅಮ್ಮ ಎಲ್ಲಿದ್ದಾಳೆ ಅಂತ ಗೊತ್ತಿರಬೇಕು. ಅವಳು ಅದನ್ನು ನಾಲ್ಕು ಸಲ ನೋಡಿದ್ದಾಳೆ.

ಈಗ ನಾನು ಹೇಗೆ ಆರಿಸುತ್ತೇನೆ ಅಂತ ಹೇಳುತ್ತೇನೆ. ಮನೆಯಲ್ಲಿ ಒಬ್ಬಳೇ ಪೂರ್ತಿ ನೋಡುತ್ತೇನೆ. ಒಂದು ಸಲ ಚಿತ್ರಕ್ಕೆ ಬೆನ್ನು ಹಾಕಿ ಬರೀ ಕೇಳುತ್ತೇನೆ. ಹುಚ್ಚು ಅನಿಸಬಹುದು, ಆದರೆ ಆ ಕಿವಿ ಮುಚ್ಚಿಕೊಂಡ ಹುಡುಗನಿಂದ ಕಲಿತದ್ದು ಇದು. ಎಲ್ಲಿ ನನ್ನ ಎದೆ ಧಸಕ್ಕೆನ್ನುತ್ತದೋ ಆ ನಿಮಿಷವನ್ನು ಬರೆದಿಟ್ಟುಕೊಳ್ಳುತ್ತೇನೆ. ಮನೆಯಲ್ಲಿ ನೀವು ಇಷ್ಟೆಲ್ಲ ಮಾಡಬೇಕಿಲ್ಲ. ಹೆದರಿಕೆ ಜಾಗ ಬಂದಾಗ ಮ್ಯೂಟ್ ಒತ್ತಿ ನೋಡಿ. ಸಂಗೀತ ನಿಂತ ತಕ್ಷಣ ಅರ್ಧ ಭೂತ ಓಡಿಹೋಗುತ್ತದೆ.

ದೀಪ ಪೂರ್ತಿ ಆರಿಸುವುದಿಲ್ಲ. ಸಣ್ಣವರನ್ನು ಬಾಗಿಲ ಪಕ್ಕ ಕೂರಿಸುತ್ತೇನೆ, ಎದ್ದು ಹೋಗಬೇಕು ಅನಿಸಿದರೆ ಯಾರನ್ನೂ ಕೇಳಬೇಕಿಲ್ಲ. ಉದ್ದದ ಲೆಕ್ಕವೂ ಇದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಂದಮೇಲೆ ಟೊಟೊರೊದ 86 ನಿಮಿಷವೇ ಅವರಿಗೆ ಎರಡು ದಿನದ ಸಿನಿಮಾ. ನಡುವೆ ನಿಲ್ಲಿಸಿದರೆ ರಸಭಂಗ ಅನ್ನುವುದು ನಮ್ಮ ಲೆಕ್ಕ. ಮಕ್ಕಳು ಮಧ್ಯದ ದಿನವೆಲ್ಲ ಅದೇ ಆಟ ಆಡಿಕೊಂಡಿರುತ್ತಾರೆ. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಹಾಕಿದಾಗ ಆರು ವರ್ಷದವರು ಶಾಲೆಯ ಭಾಗಕ್ಕೆ ಕುಣಿದಾಡಿದರು, ಕೋರ್ಟು ಬಂದಾಗ ಒಬ್ಬೊಬ್ಬರೇ ಹೊರಗೆ ಹೋಗಿ ಲಗೋರಿ ಶುರು ಮಾಡಿದರು. ಸಿನಿಮಾದ ತಪ್ಪಲ್ಲ, ಕೋರ್ಟು ಅವರ ವಯಸ್ಸಿನದ್ದಲ್ಲ. ನಾನು ಯಾರನ್ನೂ ವಾಪಸು ಕರೆಯಲಿಲ್ಲ.

ಅರ್ಥ ಆಗುವ ವಯಸ್ಸು ಅಂತಲೂ ಒಂದಿದೆ. ಇರಾನಿನ 'ಚಿಲ್ಡ್ರನ್ ಆಫ್ ಹೆವನ್', 1997ರದ್ದು. ತಂಗಿಯ ಶೂ ಕಳೆದುಹೋಗುತ್ತದೆ, ಅಣ್ಣ ತಂಗಿ ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಹೋಗುತ್ತಾರೆ. ಸಬ್‌ಟೈಟಲ್ ಮಕ್ಕಳಿಗೆ ಓದಲು ಬರುವುದಿಲ್ಲ, ನಾನೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಯಲ್ಲಿ ಓಟದ ಪಂದ್ಯ. ಮೂರನೇ ಬಹುಮಾನ ಶೂ. ಹುಡುಗನಿಗೆ ಬೇಕಾದ್ದು ಮೂರನೇ ಸ್ಥಾನ, ಬಂದದ್ದು ಮೊದಲನೇದು. ಎಲ್ಲರೂ ಅವನನ್ನು ಎತ್ತಿ ಕುಣಿಸುತ್ತಾರೆ, ಅವನು ಅಳುತ್ತಾನೆ. ಐದು ವರ್ಷದವನೊಬ್ಬ ಚಪ್ಪಾಳೆ ತಟ್ಟುತ್ತಿದ್ದವನು ನಿಲ್ಲಿಸಿ, "ಫಸ್ಟ್ ಬಂದ್ರೂ ಯಾಕೆ ಅಳ್ತಾನೆ ಟೀಚರ್?" ಅಂದ. ನಾನು ಬಾಯಿ ತೆರೆಯುವ ಮೊದಲು ಹಿಂದಿನಿಂದ ಎಂಟು ವರ್ಷದವಳು ಹೇಳಿದಳು: "ಅವನ ತಂಗಿಗೆ ಕಾಲಿಗೆ ಇಲ್ವಲ್ಲೋ." ಅವನು ತನ್ನ ಕಾಲು ನೋಡಿಕೊಂಡ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಇಂಥ ಸಿನಿಮಾ ಐದರವನಿಗೂ ತೋರಿಸಬಹುದು, ಪಕ್ಕದಲ್ಲಿ ಒಬ್ಬ ಎಂಟು ವರ್ಷದವಳು ಇದ್ದರೆ. 1985ರ 'ಬೆಟ್ಟದ ಹೂವು' ಮಾತ್ರ ನಾನು ಎಂಟು ದಾಟಿದವರಿಗೇ ಇಟ್ಟುಕೊಂಡಿದ್ದೇನೆ. ಪುಸ್ತಕಕ್ಕೆ ಅಂತ ಕೂಡಿಟ್ಟ ದುಡ್ಡನ್ನು ಮನೆಗೆ ಕೊಡುವ ಹುಡುಗನ ಸಂಕಟ ಸಣ್ಣವರ ಕೈಗೆ ಸಿಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

(ಒಬ್ಬ ತಂದೆ: "ನಮ್ಮ ಮಗ ಯಾವುದಕ್ಕೂ ಹೆದರಲ್ಲ ಟೀಚರ್. ಎಲ್ಲಾ ಫೈಟೂ ನೋಡ್ತಾನೆ, ಅಲ್ಲಾಡಲ್ಲ.")

ಅಲ್ಲಾಡುವುದಿಲ್ಲ ಅಂದಿರಲ್ಲ, ನನಗೆ ಯೋಚನೆ ಅದೇ. ಆಡುವ ವಯಸ್ಸಿನ ಮಗು ಅಲ್ಲಾಡದೆ ಕೂತರೆ ಅದರ ಕೈ ನೋಡಿ. ಅಂಗಿಯ ಚುಂಗು ಹಿಡಿದಿದೆಯಾ, ಬೆರಳು ಬಾಯಲ್ಲಿದೆಯಾ. ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗುತ್ತಾನಾ? ಗಂಡು ಹುಡುಗರಿಗೆ "ಹೆದರ್ಪುಕ್ಕಲ" ಅನ್ನುವ ಬೈಗುಳ ಬೇಗ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

(ಒಬ್ಬ ತಾಯಿ: "ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ನಾಲ್ಕು. ಟೀವಿ ಒಂದೇ. ಏನು ಮಾಡ್ಲಿ?")

ಒಟ್ಟಿಗೆ ನೋಡುವಾಗ ಚಿಕ್ಕವನ ಸಿನಿಮಾ. ದೊಡ್ಡವಳಿಗೆ ಅವನು ಮಲಗಿದ ಮೇಲೆ ಅವಳದ್ದು, ನಿಮ್ಮ ಜೊತೆ. "ಇದು ನಮ್ಮಿಬ್ಬರದ್ದೇ" ಅಂದುಬಿಡಿ, ಅವಳು ತಕರಾರು ತೆಗೆಯುವುದಿಲ್ಲ.

(ಒಬ್ಬ ಹಿರಿಯರು: "ನಾವೆಲ್ಲ ಟೂರಿಂಗ್ ಟಾಕೀಸಿನಲ್ಲಿ ಎಲ್ಲಾ ಸಿನಿಮಾ ನೋಡೇ ಬೆಳೆದದ್ದಮ್ಮ. ನಮಗೇನಾಯ್ತು?")

ಒಳ್ಳೆ ಪ್ರಶ್ನೆ. ಆಗ ಸಿನಿಮಾ ಅಂದರೆ ವರ್ಷಕ್ಕೆ ಎರಡೋ ಮೂರೋ. ಎತ್ತಿನಗಾಡಿ ಕಟ್ಟಿ ಊರವರೆಲ್ಲ ಸೇರಿ ಹೋಗುವುದು, ಮರಳ ಮೇಲೆ ಅಮ್ಮನ ಪಕ್ಕ ಕೂರುವುದು, ಅರ್ಧಕ್ಕೆ ನಿದ್ದೆ. ಆಮೇಲೆ ಒಂದು ತಿಂಗಳು ಅದೇ ಕಥೆ ಬಾಯಲ್ಲಿ. ಭಯವೆಲ್ಲ ಮಾತಾಡಿ ಮಾತಾಡಿ ಕರಗುತ್ತಿತ್ತು. ಈಗ ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ಮಗು ಮಾತಾಡುವುದು ಯಾವಾಗ?

(ಕಾರ್ಯಕ್ರಮ ಮುಗಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅದೇ ಹಿರಿಯರು ಹತ್ತಿರ ಬಂದರು. ದನಿ ತಗ್ಗಿಸಿ, "ಒಂದು ದೆವ್ವದ ಸಿನಿಮಾ ನೋಡಿ ಎರಡು ವರ್ಷ ನಮ್ಮ ಹಿತ್ತಲ ಬಾವಿ ಕಡೆ ಹೋಗಿರಲಿಲ್ಲ ನಾನು. ಎಲ್ಲರ ಮುಂದೆ ಹೇಳೋಕೆ ನಾಚಿಕೆ ಆಯ್ತು" ಅಂದರು. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆದಿದ್ದೇನೆ.)

ಕೊನೆಯದಾಗಿ ಒಂದು ಪ್ರಕಟಣೆ. ಮುಂದಿನ ಭಾನುವಾರ ಹತ್ತೂವರೆಗೆ ಇಲ್ಲೇ 'ದಿ ರೆಡ್ ಬಲೂನ್'. ಫ್ರಾನ್ಸಿನದ್ದು, 1956ರದ್ದು, ಬರೀ 34 ನಿಮಿಷ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಭಾಷೆಯ ಕಷ್ಟ ಇಲ್ಲ. ನಾಲ್ಕು ವರ್ಷದವರೂ ಬರಬಹುದು, ಅಜ್ಜಿಯರು ಬಂದರೆ ಇನ್ನೂ ಒಳ್ಳೆಯದು. ಪುಟ್ಟ ಹುಡುಗನ ಹಿಂದೆ ಕೆಂಪು ಬಲೂನೊಂದು ನಾಯಿಮರಿಯ ಹಾಗೆ ಊರೆಲ್ಲ ಸುತ್ತುತ್ತದೆ. ಕೊನೆಯ ಹೊತ್ತಿಗೆ ಪುಂಡ ಹುಡುಗರು ಆ ಬಲೂನಿಗೆ ಕಲ್ಲು ಹೊಡೆದು ಅದು ನಿಧಾನಕ್ಕೆ ಸುಕ್ಕಾಗುತ್ತದೆ. ಸಣ್ಣವರಿಗೆ ಅಳು ಬರಬಹುದು. ಬಲೂನಿಗೆ ಹೀಗಾಗುತ್ತದೆ ಅಂತ ಮನೆಯಲ್ಲೇ ಮೊದಲು ಹೇಳಿ ಕರೆದುಕೊಂಡು ಬನ್ನಿ. ಆಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಹೇಳಬೇಡಿ.